ಕುರ್ಚಿಯ ಹಿಂದೆ ನಿಂತವರು

ಶನಿವಾರದ ವಿಮಾನಕ್ಕೆ ಟಿಕೆಟ್ ಆಗಿಹೋಗಿತ್ತು. ನವೊಕೊ ಎರಡು ಮಕ್ಕಳನ್ನೂ ಕರೆದುಕೊಂಡು ಜಪಾನಿಗೆ ವಾಪಸ್ ಹೋಗುತ್ತಾಳೆ, ಗಂಡ ಬಿಡದಿಯ ಫ್ಯಾಕ್ಟರಿ ಕೆಲಸಕ್ಕೆ ಇಲ್ಲೇ ಒಬ್ಬನೇ ಉಳಿಯುತ್ತಾನೆ ಎಂದು ಕೇಳಿದಾಗಿನಿಂದ ಪಂಕಜಮ್ಮನವರಿಗೆ ಊಟ ರುಚಿಸುತ್ತಿರಲಿಲ್ಲ. ಜಯನಗರ ಏಳನೇ ಬ್ಲಾಕಿನ ಅವರ ಮನೆಯ ಮಹಡಿಗೆ ಆ ಸಂಸಾರ ಬಾಡಿಗೆಗೆ ಬಂದು ಎಂಟು ತಿಂಗಳು. ಐದು ವರ್ಷದ ಹಾರು, ಎರಡು ತುಂಬದ ಮಿಯೊ. ಅಣ್ಣನ ಕೈ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬರುವ ಮಿಯೊ "ಅಜ್ಜೀ" ಎಂದು ಬಾಗಿಲು ಬಡಿಯದಿದ್ದರೆ ಪಂಕಜಮ್ಮನವರಿಗೆ ಬೆಳಗಾದ ಹಾಗೇ ಅನ್ನಿಸುವುದಿಲ್ಲ.

"ಯಾಕಮ್ಮಾ ಹೋಗ್ತೀಯ?" ಎಂದರೆ ನವೊಕೊ ತಲೆ ಬಗ್ಗಿಸಿ, "ಮಕ್ಕಳಿಗೆ ಇಲ್ಲಿ ಕಷ್ಟ, ಆಂಟಿ" ಎನ್ನುತ್ತಿದ್ದಳು. ಅಷ್ಟೇ. ಎಂಟು ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಅವಳು ಹೋಟೆಲಿಗೆ ಹೋಗಿದ್ದೇ ನಾಲ್ಕು ಸಲ. ನಾಲ್ಕು ಸಲವೂ ಅರ್ಧಕ್ಕೇ ಎದ್ದು ಬಂದಿದ್ದಳಂತೆ. ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಿದವಳಲ್ಲ. ಖಾರ ತಡೆಯಲಿಲ್ಲವೇನೋ ಎಂದುಕೊಂಡಿದ್ದರು ಪಂಕಜಮ್ಮ. ಅಲ್ಲ, ಜಯನಗರದಲ್ಲಿದ್ದು ಒಂದು ದೋಸೆಯನ್ನೂ ನೆಮ್ಮದಿಯಾಗಿ ತಿನ್ನದೆ ಹೋಗುವುದೆಂದರೇನು? ಹೋಗುವುದೇ ಆದರೆ ಹೊಟ್ಟೆ ತುಂಬಿಸಿಕೊಂಡಾದರೂ ಹೋಗಲಿ ಎಂದು ಭಾನುವಾರ ಬೆಳಿಗ್ಗೆ ಎಂಟೂವರೆಗೆ ತಾಯಿ ಮಕ್ಕಳನ್ನು ಆಟೋ ಹತ್ತಿಸಿಯೇಬಿಟ್ಟರು.

ಭಾನುವಾರದ ಎಂಟೂವರೆ ಎಂದರೆ ನಾಲ್ಕನೇ ಬ್ಲಾಕಿನ ಟಿಫನ್ ರೂಮಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೃಷ್ಟಕ್ಕೆ ಇವರು ಒಳಗೆ ಬರುವುದಕ್ಕೂ ಬಾಗಿಲ ಪಕ್ಕದ ಟೇಬಲ್ಲಿನವರು ಏಳುವುದಕ್ಕೂ ಸರಿಹೋಯಿತು. ಅರವತ್ತೆಂಟರ ಮಂಡಿನೋವು ಮರೆತು ಪಂಕಜಮ್ಮ ನುಗ್ಗಿದರು, ಬ್ಯಾಗನ್ನು ಟೇಬಲ್ಲಿನ ಮೇಲೆ ಕುಕ್ಕಿದರು.

"ಏನಮ್ಮಾ, ಫಾರಿನ್ ಮೊಮ್ಮಕ್ಕಳಾ?" ಎಂದ ಸರ್ವರ್ ಗುಂಡಣ್ಣ. ಇಪ್ಪತ್ತು ವರ್ಷದ ಪರಿಚಯ.

"ಹೂಂ ಗುಂಡಣ್ಣ, ನಮ್ಮವೇ. ಎರಡು ಮಸಾಲೆ, ಮಕ್ಕಳಿಗೆ ಎರಡು ಖಾಲಿ. ಬೆಣ್ಣೆ ಜಾಸ್ತಿ ಹಾಕ್ಸಪ್ಪ."

ದೋಸೆ ಬಂತು. ಹಾರು ಅಜ್ಜಿಯ ಮಸಾಲೆ ದೋಸೆಯ ಅಂಚು ಮುರಿದು ಬಾಯಿಗಿಟ್ಟ. ಕರುಂ ಎಂದಿತು. ಕಣ್ಣರಳಿಸಿ ಜಪಾನಿಯಲ್ಲಿ ಏನೋ ಕೂಗಿದ. ಅಣ್ಣ ಕೂಗಿದನೆಂದು ಮಿಯೊ ಚಮಚದಿಂದ ಲೋಟ ಬಡಿಯತೊಡಗಿತು. ಪಂಕಜಮ್ಮನವರಿಗೆ ಹಿಗ್ಗೋ ಹಿಗ್ಗು. ಖಾರವೂ ಇಲ್ಲ, ಮಣ್ಣೂ ಇಲ್ಲ, ಮಕ್ಕಳು ತಿನ್ನುತ್ತಿದ್ದಾವಲ್ಲ!

ಅಷ್ಟರಲ್ಲಿ ಹಣೆಗೆ ವಿಭೂತಿ ಇಟ್ಟ ಹಿರಿಯರೊಬ್ಬರು ಬಂದು ನವೊಕೊಳ ಕುರ್ಚಿಯ ಹಿಂದೆ ಕೈಕಟ್ಟಿ ನಿಂತರು. ನವೊಕೊ ತಿರುಗಿ ನೋಡಿದಳು. ಮುಖ ಬಿಳಿಚಿಕೊಂಡಿತು. ಮಿಯೊಳ ಕೈಯಿಂದ ಚಮಚ ಕಿತ್ತುಕೊಂಡಳು, ಹಾರುವಿಗೆ ಉಶ್ ಎಂದಳು. ಮತ್ತೊಬ್ಬ ಹೆಂಗಸು ಬಂದು ಹಾರುವಿನ ಹಿಂದೆ ನಿಂತಿದ್ದೇ ತಡ, ಎದ್ದೇಬಿಟ್ಟಳು. ಆ ಹಿರಿಯರಿಗೆ ಮೂರು ಸಲ ಬಗ್ಗಿ "ಸಾರಿ ಸಾರ್, ಸಾರಿ" ಎಂದು ಒಂದನ್ನು ಎತ್ತಿಕೊಂಡು, ಇನ್ನೊಂದನ್ನು ಎಳೆದುಕೊಂಡು ಹೊರಗೆ ಹೋದಳು.

"ಅಯ್ಯೋ, ನಿಧಾನಕ್ಕೆ ತಿನ್ನಿ ಮೇಡಂ!" ಎಂದು ಆ ಹಿರಿಯರು ಕಕ್ಕಾಬಿಕ್ಕಿಯಾದರು. ಪಂಕಜಮ್ಮ ಏಳುವುದರೊಳಗೆ ಆ ಹೆಂಗಸಿನ ಕಡೆಯವರೆಲ್ಲ ಬಂದು ಕೂತಾಗಿತ್ತು.

ಹೊರಗೆ ಹೊಂಗೆ ಮರದ ಕೆಳಗೆ ಹಾರು ದೋಸೆ ಬೇಕೆಂದು ಅಳುತ್ತಿದ್ದ. ಪಂಕಜಮ್ಮನವರಿಗೆ ಸಿಟ್ಟು ನೆತ್ತಿಗೇರಿತ್ತು. "ಏನಾಯ್ತೇ ನಿಂಗೆ? ತಿನ್ನೋ ಮಕ್ಕಳನ್ನ ಎಬ್ಬಿಸ್ಕೊಂಡು ಬಂದ್ಯಲ್ಲ!"

"ಎಲ್ಲಾ ಹೋಟೆಲಲ್ಲೂ ಹೀಗೇ ಆಂಟಿ," ಎಂದಳು ನವೊಕೊ. ಅವಳ ಕಣ್ಣಲ್ಲೂ ನೀರು. "ನನ್ನ ಮಕ್ಕಳು ಗಲಾಟೆ. ಜನ ಬರ್ತಾರೆ, ಹಿಂದೆ ನಿಲ್ತಾರೆ. ಏನೂ ಹೇಳಲ್ಲ. ಸುಮ್ನೆ ನೋಡ್ತಾರೆ. ಅವರಿಗೆ ತುಂಬಾ ಕೋಪ. ಅದಕ್ಕೇ ವಾಪಸ್ ಹೋಗೋದು."

ಪಂಕಜಮ್ಮನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ನಕ್ಕರು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿನ ನೀರು ನೋಡಿ ಸೆರಗು ಇಳಿಸಿದರು. ಎಂಟು ತಿಂಗಳು ಈ ಹುಡುಗಿ ಇಡೀ ಊರು ತನ್ನ ಮಕ್ಕಳ ಮೇಲೆ ಮುನಿಸಿಕೊಂಡಿದೆ ಎಂದುಕೊಂಡೇ ಬದುಕಿದ್ದಾಳೆ!

"ಅಯ್ಯೋ ಹುಚ್ಚಿ, ಅವ್ರು ನಿಂತಿದ್ದು ಸೀಟಿಗೆ ಕಣೇ! ನೀನು ಎದ್ದ ಮೇಲೆ ಆ ಕುರ್ಚಿ ಅವ್ರದ್ದು ಅಂತ. ನಮ್ಮೂರಲ್ಲಿ ಸೀಟ್ ಹಿಡಿಯೋದೇ ಹಾಗೆ."

"ಆಂಟಿ ಒಳ್ಳೆಯವರು. ನನಗೆ ಬೇಜಾರಾಗಬಾರದು ಅಂತ ಹೇಳ್ತೀರ."

"ನಂಬಲ್ವಾ? ನಡಿ ಒಳಗೆ, ತೋರಿಸ್ತೀನಿ."

ಒಳಗೆ ಪಂಕಜಮ್ಮ ಪಾಠ ಶುರುಮಾಡಿದರು. ಈಗ ತಾನೇ ದೋಸೆ ಬಂದವರ ಹಿಂದೆ ನಿಲ್ಲಬಾರದು. ಪೇಪರ್ ಬಿಡಿಸಿದವರ ಹಿಂದೆಯಂತೂ ನಿಲ್ಲಲೇಬಾರದು. ಕಾಫಿಗೆ ಹೇಳಿದವರನ್ನು ಹುಡುಕಬೇಕು. ವಿಭೂತಿಯ ಹಿರಿಯರು ಅಷ್ಟರಲ್ಲೇ ಗೋಡೆ ಬದಿಯ ಟೇಬಲ್ಲಿನಲ್ಲಿ ಜಾಗ ಸಿಕ್ಕಿ, ಇಡ್ಲಿ ಮುಗಿಸುವುದರಲ್ಲಿದ್ದರು. ಪಂಕಜಮ್ಮ ನವೊಕೊಳನ್ನು ಹಿಂದಿನಿಂದ ತಳ್ಳಿ ಸೀದಾ ಅವರ ಕುರ್ಚಿಯ ಹಿಂದೆ ನಿಲ್ಲಿಸಿದರು. ನವೊಕೊಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿರಬೇಕು. ಹಾರು ಮಾತ್ರ ಅವರು ನಿಂತಿದ್ದ ಹಾಗೆಯೇ ಕೈಕಟ್ಟಿ ಗತ್ತಿನಿಂದ ನಿಂತ.

ಅವರು ತಿರುಗಿದರು. "ಓ, ನೀವಾ ಮೇಡಂ! ಒಳ್ಳೇದಾಯ್ತು, ಈ ಟೇಬಲ್ ನಿಮ್ದೇ. ಕಾಫಿ ಕುಡಿದು ಎದ್ಬಿಡ್ತೀನಿ." ಆಮೇಲೆ ಅವಸರವೇನೂ ಇಲ್ಲದೆ ಕಾಫಿ ಆರಿಸತೊಡಗಿದರು. ತಾಯಿಯ ಕಂಕುಳಿನಿಂದ ಬಗ್ಗಿದ ಮಿಯೊ ಅವರ ಕಿವಿ ಹಿಡಿದು ಎಳೆಯಿತು. ನವೊಕೊ ಉಸಿರು ಬಿಗಿಹಿಡಿದಳು.

"ಎಳಿಯಮ್ಮಾ, ಇನ್ನೂ ಜೋರಾಗಿ ಎಳಿ. ನಮ್ಮನೇಲಿ ಎಳೆಯೋರೇ ಇಲ್ಲ," ಎಂದು ಹಿರಿಯರು ಗೊಳ್ಳನೆ ನಕ್ಕರು. ಶಂಭುಲಿಂಗಪ್ಪ ಎಂಬ ಹೆಸರು, ಚಿಕ್ಕಪೇಟೆಯ ಬಟ್ಟೆ ಅಂಗಡಿ, ಇದೇ ಹೋಟೆಲಿನಲ್ಲಿ ನಲವತ್ತು ವರ್ಷದಿಂದ ಕುರ್ಚಿಗಳ ಹಿಂದೆ ನಿಂತ ಕಥೆ, ಎಲ್ಲವನ್ನೂ ಒಂದು ಲೋಟ ಕಾಫಿಯೊಳಗೆ ಹೇಳಿ ಮುಗಿಸಿ ಎದ್ದರು. ಅವರ ಪಕ್ಕದವರೂ ಎದ್ದರು.

ಮತ್ತೆ ದೋಸೆ ಬಂತು. ಮತ್ತೆ ಚಮಚ, ಮತ್ತೆ ಲೋಟ. ಈ ಸಲ ಬಂದು ಹಿಂದೆ ನಿಂತವರು ಕಾಲೇಜಿನ ಹುಡುಗರು. ನವೊಕೊಳ ಹೆಗಲು ಬಿಗಿಯಿತು. ಪಂಕಜಮ್ಮ ಟೇಬಲ್ಲಿನ ಕೆಳಗೆ ಅವಳ ಕೈ ಅದುಮಿದರು. ಅವಳು ಏಳಲಿಲ್ಲ. ಒಂದು ತುಂಡು ಮುರಿದಳು, ಪಲ್ಯಕ್ಕೆ ಒತ್ತಿದಳು, ತಿಂದಳು. ಇನ್ನೊಂದು ತುಂಡು. ತಟ್ಟೆ ಬರಿದಾದಾಗ ಹಿಂದೆ ನಿಂತವರನ್ನು ಒಮ್ಮೆ ನೋಡಿ, ಎಂಟು ತಿಂಗಳಲ್ಲಿ ಯಾರೂ ಕೇಳಿರದ ದನಿಯಲ್ಲಿ ಕೂಗಿದಳು:

"ಗುಂಡಣ್ಣಾ! ಇನ್ನೊಂದು ಮಸಾಲೆ!"

"ಹೋಯ್ತು ಮಗಾ ನಮ್ ಸೀಟು," ಎಂದ ಒಬ್ಬ ಹುಡುಗ. ಇನ್ನೊಬ್ಬ ನಗುತ್ತಾ, "ಆರಾಮಾಗಿ ತಿನ್ನಿ ಅಕ್ಕಾ," ಎಂದ. ನವೊಕೊ ಕೂಡ ನಕ್ಕಳು, ಎಂದಿನಂತೆ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನೂ ಮರೆತು.

ಕಾಫಿಯ ಹೊತ್ತಿಗೆ ಅವಳು ಸುತ್ತಲಿನ ಟೇಬಲ್ಲುಗಳನ್ನೆಲ್ಲ ನೋಡುತ್ತಾ ಲೆಕ್ಕಾಚಾರ ಹಾಕುತ್ತಿದ್ದಳು. "ಆಂಟಿ, ಏಳೂವರೆಗೆ ಬಂದ್ರೆ ನಿಲ್ಲೋದು ಬೇಡ, ಅಲ್ವಾ?"

"ಬೇಡಮ್ಮ. ಏಳೂವರೆಗೆ ಖಾಲಿ ಇರತ್ತೆ."

"ಸರಿ. ಮುಂದಿನ ಭಾನುವಾರ ಏಳೂವರೆ."

ಪಂಕಜಮ್ಮನವರ ಕೈಲಿದ್ದ ಲೋಟ ಅಲ್ಲೇ ನಿಂತಿತು. "ಭಾನುವಾರನಾ? ಶನಿವಾರ ನಿನ್ ವಿಮಾನ ಅಲ್ವೇನೇ?"

"ಇವತ್ತು ಹಾರು ಅಪ್ಪನಿಗೆ ಹೇಳ್ತೀನಿ. ಟಿಕೆಟ್ ಬೇಡ."

ಪಂಕಜಮ್ಮ ಲೋಟ ಕೆಳಗಿಟ್ಟರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಿಯೊಳನ್ನು ತೊಡೆಯ ಮೇಲೆ ಎಳೆದುಕೊಂಡರು. ಆಮೇಲೆ ಹಿಂದೆ ಇನ್ನೂ ನಿಂತೇ ಇದ್ದ ಹುಡುಗರ ಕಡೆ ತಿರುಗಿ, "ಇನ್ನೊಂದೈದು ನಿಮಿಷ ಕಣ್ರಪ್ಪಾ" ಎಂದು ಗುಂಡಣ್ಣನಿಗೆ ಮತ್ತೊಂದು ಕಾಫಿ ಹೇಳಿದರು.