ಅಪ್ಪನ ಹಗ್ಗದ ಇನ್ನೊಂದು ತುದಿ

ಮೂರು ಹಗ್ಗಗಳಿಂದ ಒಂದೊಂದು ತುಂಡು ಕೊಯ್ದು, ಶೆಡ್ಡಿನಲ್ಲಿ ಜಾಕಿಗೆ ಕಟ್ಟಿ, ಹರಿಯುವವರೆಗೂ ಎಳೆಸಿದವಳು ತಂಗಿ. ಮರ ಹತ್ತಿ ಕೊಂಬೆ ಕಡಿಯುವುದು ಅಣ್ಣನ ಕೆಲಸ. ಕಡಿದದ್ದನ್ನು ಕೆಳಗೆ ನಿಂತು ಹಗ್ಗದಲ್ಲಿ ಇಳಿಸುವುದು ಅವಳದು. ಹೊಸ ತೆಳು ಹಗ್ಗ ಎರಡು ಸಾವಿರ ಕಿಲೋಗೆ ಪಟ್ಟೆಂದಿತು. ಹೆಣೆದ ಹಗ್ಗ ಎರಡೂವರೆ ಸಾವಿರಕ್ಕೆ ಕೈಕೊಟ್ಟಿತು. ಅಪ್ಪ ಬಿಟ್ಟುಹೋದ ದಪ್ಪ ಹಗ್ಗ ಮಾತ್ರ ಜಾಕಿಯ ಮಾಪಕದ ಮುಳ್ಳನ್ನು ಮೂರು ಸಾವಿರ ದಾಟಿಸಿತು.

"ನೋಡಿದ್ಯಾ? ಮುದಿ ಹಗ್ಗ ಅಂತ ಆಡ್ಕೋತಿದ್ದೆ," ಎಂದು ಅಣ್ಣ ತಾನೇ ಗೆದ್ದವನಂತೆ ಮೀಸೆ ತಿರುವಿದ.

"ಅದಿರಲಿ. ಮರಕ್ಕೆ ಕಟ್ಕೊಳ್ಳೋ ನಿನ್ನ ಸೊಂಟದ ಹಗ್ಗ ಪೂರ್ತಿ ಸವೆದಿದೆ. ಕಸಕ್ಕೆ ಹಾಕ್ತೀನಿ."

"ಹಾಕಮ್ಮ ತಾಯಿ. ಬೇರೆ ನೋಡ್ಕೋತೀನಿ."

ಮರುದಿನದ ಮರ ಸಲೀಸಿನದಾಗಿರಲಿಲ್ಲ. ಕಡಿಯಬೇಕಾದ ಕೊಂಬೆ ಹೆಂಚಿನ ಮಾಡಿನ ಮೇಲೇ ಚಾಚಿಕೊಂಡಿತ್ತು. ಆ ಮಾಡಿನ ಕೆಳಗೆ, ಕಿಟಕಿಯ ಪಕ್ಕದ ಮಂಚದಲ್ಲಿ, ಮೂಗಿಗೆ ನಳಿಕೆ ಹಾಕಿಕೊಂಡ ಒಬ್ಬ ಮುದುಕ ಮಲಗಿದ್ದ.

"ಅಪ್ಪನ್ನ ಕದಲಿಸ್ಬಾರ್ದು ಅಂದಿದ್ದಾರೆ ಡಾಕ್ಟ್ರು. ಕೊಂಬೆ ಬೀಳಲ್ಲ ತಾನೇ?" ಎಂದು ಆ ಮನೆಯ ಮಗಳು ಕೇಳಿದಳು.

"ಪರೀಕ್ಷೆ ಮಾಡಿದ ಹಗ್ಗ ಅಕ್ಕಾ, ಭಯ ಬೇಡ," ಎಂದಳು ತಂಗಿ, ತುಸು ಜಂಬದಿಂದಲೇ.

ಅಣ್ಣ ಅಪ್ಪನ ಹಗ್ಗವನ್ನು ಮರದ ಮೇಲೆ ಕಟ್ಟಿದ ರಾಟೆಗೆ ಪೋಣಿಸಿ ಒಂದು ತುದಿಯನ್ನು ಕೊಂಬೆಗೆ ಬಿಗಿದ. ಅವಳು ಇತ್ತ ಕಡೆಯದನ್ನು ಬೊಡ್ಡೆಗೆ ಮೂರು ಸುತ್ತು ಸುತ್ತಿ ಹಿಡಿದುಕೊಂಡಳು. ಗರಗಸದ ಸದ್ದಿನಲ್ಲಿ ಮಾತು ಕೇಳಿಸದು. ಇವರ ಮಾತುಕತೆಯೆಲ್ಲ ಹಗ್ಗದಲ್ಲೇ. ಒಮ್ಮೆ ಜಗ್ಗಿದರೆ, 'ನಾನು ಸಿದ್ಧ, ಕಡಿ' ಎಂದರ್ಥ. ಜಗ್ಗಿದಳು. ಗರಗಸ ಗುರುಗುಟ್ಟಿತು.

ಆಗ ಬೆರಳಿಗೆ ಕೆಂಪು ಟೇಪು ತಾಗಿತು. ನಿನ್ನೆ ತುಂಡು ಕೊಯ್ದ ಮೇಲೆ ಎಳೆ ಬಿಚ್ಚದಿರಲೆಂದು ಅವಳೇ ಸುತ್ತಿದ ಟೇಪು ಅದು. ಪರೀಕ್ಷೆ ಮಾಡಿದ ತುದಿ ಇಲ್ಲಿ, ಅವಳ ಕೈಯಲ್ಲಿತ್ತು! ಅಪ್ಪ ಯಾವತ್ತೂ ಕೊಂಬೆ ಕಟ್ಟುತ್ತಿದ್ದದ್ದು ಇನ್ನೊಂದು ತುದಿಗೆ. ಈ ತುದಿ ಭಾರವನ್ನೇ ಕಂಡಿರಲಿಲ್ಲ. ಚೊಕ್ಕಟವಾಗಿದೆ, ಕೊಯ್ಯಲು ಸುಲಭವೆಂದು ಅವಳು ಕೊಯ್ದದ್ದು ಇದನ್ನೇ. ವರ್ಷಗಟ್ಟಲೆ ಜಗ್ಗಿಸಿಕೊಂಡು, ಉಜ್ಜಾಟದ ಬಿಸಿಗೆ ಕರಗಿ ಕಟ್ಟಿಗೆಯಂತೆ ಸೆಟೆದ ಆ ತುದಿಯ ಎರಡು ಮಾರಿನ ಶಕ್ತಿ ಎಷ್ಟೆಂದು ಯಾವ ಮುಳ್ಳೂ ಹೇಳಿರಲಿಲ್ಲ.

"ನಿಲ್ಸೋ! ಅಣ್ಣಾ, ನಿಲ್ಸೋ!"

ಗರಗಸ ಅವಳ ಕೂಗನ್ನು ನುಂಗಿಹಾಕಿತು. ಹಗ್ಗ ಜಗ್ಗಲೇ ಎಂದರೆ, ಜಗ್ಗಿದರೆ ಕಡಿ ಎಂದೇ ಅರ್ಥ. ಬಿಟ್ಟು ಓಡುವಂತೆಯೂ ಇಲ್ಲ. ಕಿಟಕಿಯಲ್ಲಿ ಮುದುಕನ ಎದೆ ಮೆಲ್ಲಗೆ ಏಳುತ್ತಾ ಇಳಿಯುತ್ತಾ ಇತ್ತು.

ಕೊಂಬೆ ಲಟಕ್ಕೆಂದಿತು. ಹಗ್ಗ ಅವಳನ್ನು ಬೊಡ್ಡೆಯವರೆಗೂ ಎಳೆದುಕೊಂಡು ಹೋಗಿ ನಿಂತಿತು. ಕೊಂಬೆ ಮಾಡಿನಿಂದ ಗೇಣು ಮೇಲೆ ತೂಗಾಡಿ, ಅತ್ತ ಸರಿಯಿತು. ಅವಳು ಉಸಿರು ಬಿಗಿಹಿಡಿದು, ಚೂರುಚೂರೇ ಸಡಿಲಿಸುತ್ತಾ ಅದನ್ನು ಅಂಗಳಕ್ಕೆ ಇಳಿಸಿದಳು. ಒಂದು ಹೆಂಚೂ ಅಲುಗಲಿಲ್ಲ.

ಗರಗಸ ನಿಂತಿತು. ಅವಳು ಗಂಟಿನ ಬಳಿ ಹೋಗಿ ಕೂತಳು. ಎಷ್ಟು ಎಳೆ ಉಳಿದಿವೆಯೋ ನೋಡಬೇಕಿತ್ತು. ಎಲ್ಲ ಎಳೆಗಳೂ ಇದ್ದವು. ಗಂಟಿನಲ್ಲಿದ್ದ ಹಗ್ಗ ಮೆತ್ತಗಿತ್ತು, ಸವೆತವೇ ಇರಲಿಲ್ಲ. ತುದಿ ಈಗಷ್ಟೇ ಚಾಕುವಿನಲ್ಲಿ ಕೊಯ್ದಂತಿತ್ತು. ಸೆಟೆದಿದ್ದ ಆ ಎರಡು ಮಾರು ಎಲ್ಲೂ ಕಾಣಲಿಲ್ಲ.

"ಅಣ್ಣಾ, ಈ ತುದಿ ಕೊಯ್ದೋರು ಯಾರು?"

"ನಾನೇ, ಬೆಳಿಗ್ಗೆ. ಸೆಟೆದಿದ್ದು ರಾಟೆಗೆ ಸಿಕ್ಕಾಕೊಳ್ತಿತ್ತು," ಮೇಲಿನಿಂದ ಅಣ್ಣನ ದನಿ ಖುಷಿಯಾಗಿತ್ತು. "ನನ್ನ ಸೊಂಟದ ಹಗ್ಗ ನೀನು ಎಸೆದ್ಯಲ್ಲ, ಅದಕ್ಕೆ ಆ ತುಂಡನ್ನೇ ಕಟ್ಕೊಂಡೆ. ಮೂರು ಸಾವಿರ ಕಿಲೋ ತಡೆಯೋದು ನನ್ನನ್ನ ತಡೆಯಲ್ವೇನೇ?"

ಅವಳಿಗೆ ಕಾಣಲೆಂದು ಎರಡೂ ಕೈ ಬಿಟ್ಟು, ಸೊಂಟದ ಹಗ್ಗದ ಮೇಲೆ ಪೂರ್ತಿ ಭಾರ ಹಾಕಿ, ಅವನು ನಗುತ್ತಾ ಹಿಂದಕ್ಕೆ ವಾಲಿದ.