ಹದಿನೇಳು ಮೆಟ್ಟಿಲು

ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಒಂಬತ್ತನೇ ಮೆಟ್ಟಿಲು ಇಳಿದ ಸೊಸೆ ಗೋಡೆಗೆ ಭುಜ ಆನಿಸಿ ಉಸಿರು ತೆಗೆದುಕೊಂಡಳು. ಇನ್ನೆಂಟು ಇಳಿದು ನಡುಮನೆ ದಾಟಿದರೆ ಹಿತ್ತಲು, ಅಲ್ಲಿ ಪಾಯಿಖಾನೆ. ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಬೀದಿಗೆ ಬೀದಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಗೋಡೆಗೊಂದು ಮೊಳೆ ಹೊಡೆಯಲೂ ಅಪ್ಪಣೆ ಬೇಕು. ಮಹಡಿಗೊಂದು ಬಚ್ಚಲು ಕೇಳಿದ್ದಕ್ಕೆ, ನಾನೂರು ವರ್ಷ ಇಲ್ಲದ್ದು ಈಗೇಕಮ್ಮ ಎಂದು ಅಧಿಕಾರಿ ನಕ್ಕಿದ್ದ. ಜೊತೆಗೆ ಗಂಡನೂ ನಕ್ಕಿದ್ದ. ಕೆಳಗಿನ ಕೋಣೆಗಳನ್ನು ನೋಡುಗರಿಗೆಂದು ತೆರೆದು, ಹೆತ್ತವಳನ್ನು ಮಹಡಿಗೆ ಸಾಗಹಾಕಿದವನೂ ಅವನೇ.

"ಇವತ್ತೇ ಕೊನೇ ದಿನ. ಐದಕ್ಕೆ ಆಫೀಸು ಮುಚ್ತಾರೆ," ಅತ್ತೆ ಕಿವಿಯ ಬಳಿ ಪಿಸುಗುಟ್ಟಿದಳು. "ಕೊಟ್ಟು ಬಾ ಮಗಳೇ. ಅವನಿಗೆ ಗೊತ್ತಾಗೋದು ಬೇಡ."

ಮನೆ ಅತ್ತೆಯ ಹೆಸರಿನಲ್ಲಿತ್ತು. ಅದನ್ನು ವಸ್ತುಸಂಗ್ರಹಾಲಯಕ್ಕೆ ಬಿಟ್ಟುಕೊಟ್ಟವರಿಗೆ ಊರಾಚೆ ಸರ್ಕಾರದ ಹೊಸ ಮನೆ: ಮೆಟ್ಟಿಲಿಲ್ಲ, ಕೋಣೆಗೇ ಹೊಂದಿಕೊಂಡ ಬಚ್ಚಲು. ಅತ್ತೆ ಹೆಬ್ಬೆಟ್ಟು ಒತ್ತಿದ ಅರ್ಜಿ ಬೆಳಗಿನಿಂದ ಸೊಸೆಯ ಸೊಂಟದಲ್ಲಿತ್ತು.

ನಡುಮನೆಯಲ್ಲಿ ನೋಡುಗರ ಗುಂಪು ದಾರಿ ಬಿಟ್ಟಿತು. ಒಬ್ಬ ಫೋಟೋ ತೆಗೆದ. ಇಲ್ಲಿ ಈಗಲೂ ಹೀಗೇ ಬದುಕುತ್ತಾರೆಂದು ಮಾರ್ಗದರ್ಶಿ ಹೆಮ್ಮೆಯಿಂದ ವಿವರಿಸಿದ. ಅತ್ತೆ ಸೊಸೆಯ ಹೆಗಲಲ್ಲಿ ಮುಖ ಹುದುಗಿಸಿದಳು.

ಪಾಯಿಖಾನೆಯೊಳಗೆ ಕೂರಿಸಿ, ಬಾಗಿಲು ಮುಂದೆ ಮಾಡಿ, ಸೊಸೆ ಹೊರಗೆ ನಿಂತಳು. ಹಿಂದೆ ಮೂರನೇ ತಿಂಗಳಲ್ಲಿ ತನ್ನ ಬಸಿರು ಇಳಿದುಹೋದಾಗ, ಎರಡೇ ದಿನಕ್ಕೆ ಎಬ್ಬಿಸಿ ಈ ಹಿತ್ತಲನ್ನೇ ತೊಳೆಸಿದ್ದಳು ಅತ್ತೆ. ಸತ್ತದ್ದಕ್ಕೆಲ್ಲ ಬಾಣಂತನ ಮಾಡ್ತಾ ಕೂರೋಕಾಗುತ್ತಾ ಎಂದಿದ್ದಳು. ಆಗ ಮಗಳೇ ಅನ್ನುವ ಮಾತು ಆ ಬಾಯಿಗೆ ಬಂದಿರಲಿಲ್ಲ. ಸಮನೆಲದಲ್ಲಾದರೆ ಮುದುಕಿ ಕೋಲೂರಿ ತಾನೇ ಓಡಾಡಬಲ್ಲಳು. ಹೊಸ ಮನೆಗೆ ಹೋದರೆ ನಡೆದು ಬಂದು ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಾಳೆ. ಹಳೆಯ ದನಿಯೂ ಮರಳುತ್ತದೆ.

"ಆಯ್ತಮ್ಮಾ," ಒಳಗಿನಿಂದ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಮೆತ್ತಗೆ: "ನಿನಗೆ ಬಿಡುವಾದಾಗ ಬಾ, ಅವಸರವೇನಿಲ್ಲ."

ಸೊಸೆ ಅಲ್ಲಾಡಲಿಲ್ಲ. ಆ ದನಿ ಕೇಳುತ್ತಾ ನಿಲ್ಲುವುದು ಅವಳಿಗೆ ಈಚೆಗೆ ರೂಢಿಯಾಗಿತ್ತು. ನಿನ್ನೆಗಿಂತ ಇಂದು ಇನ್ನಷ್ಟು ಹೊತ್ತು ನಿಂತಳು. ನಂತರ ಹೋಗಿ ತೊಳೆಸಿ, ಬೆನ್ನಿಗೇರಿಸಿಕೊಂಡು, ಹದಿನೇಳೂ ಮೆಟ್ಟಿಲು ಹತ್ತಿ ಮಲಗಿಸಿದಳು. ಸೊಂಟ ಕಡಿಯುತ್ತಿತ್ತು. ಕಡಿಯಲಿ.

"ಕೊಡ್ತೀಯಲ್ಲ?"

"ಹೂಂ ಅತ್ತೆ, ಈಗಲೇ ಹೊರಟೆ."

ಕೆಳಗಿಳಿದಾಗ ನಾಲ್ಕೂಕಾಲು. ಆಫೀಸು ಎರಡೇ ಬೀದಿಯಾಚೆ. ಅವಳು ಹಗ್ಗದ ಮೇಲಿನ ಒಣಗಿದ ಬಟ್ಟೆಗಳನ್ನು ತಂದು ನೆಲಕ್ಕೆ ಸುರಿದುಕೊಂಡು, ಅಂಚಿಗೆ ಅಂಚು ಸೇರಿಸಿ ಒಂದೊಂದಾಗಿ ಮಡಚತೊಡಗಿದಳು.