ಎರಡನೆಯ ಮೈಕು

ಬಿಳಿ ಪರದೆಯ ಮೇಲೆ ಬಾಗಿಲಗಲದ ಒಂದು ಬಾಯಿ ತೆರೆದುಕೊಳ್ಳುತ್ತದೆ, ಮುಚ್ಚುತ್ತದೆ, ಮತ್ತೆ ತೆರೆದುಕೊಳ್ಳುತ್ತದೆ. ದನಿ ಮಾತ್ರ ಇಲ್ಲ. ನಮ್ಮ ಊರಿನ ಚಿತ್ರಮಂದಿರವನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಬಾಯಿ. ಅದು ಏನು ಹೇಳುತ್ತಿತ್ತೆಂದು ಅಂದು ಅಷ್ಟು ಜನರ ನಡುವೆ ಮೂವರಿಗೆ ಮಾತ್ರ ಗೊತ್ತಿತ್ತು. ಒಬ್ಬ ನನ್ನ ಅಣ್ಣ ಹಾಲೇಶ. ಇನ್ನೊಬ್ಬ ಅವನ ಗೆಳೆಯ ಕೊಟ್ರೇಶ, ನಾನು ಮದುವೆಯಾಗಬೇಕಿದ್ದವನು. ಮೂರನೆಯವಳು ನಾನು.

ಹೊರದೇಶದ ಚಿತ್ರಗಳು ನಮ್ಮಲ್ಲಿಗೆ ಅವುಗಳ ಭಾಷೆಯಲ್ಲೇ ಬರುತ್ತಿದ್ದವು. ಜನರಿಗೆ ಅರ್ಥವಾಗಲೆಂದು ಮಾಲೀಕರಾದ ಚನ್ನವೀರಪ್ಪನವರು ಒಂದು ಏರ್ಪಾಡು ಮಾಡಿದ್ದರು. ಮಾತು ಬರುವ ಕಡೆ ಆಪರೇಟರು ಚಿತ್ರದ ಸದ್ದನ್ನು ಇಳಿಸುತ್ತಿದ್ದ. ಪಕ್ಕದ ಕಿರುಕೋಣೆಯಲ್ಲಿ ಕೂತ ಅಣ್ಣ ಮತ್ತು ಕೊಟ್ರೇಶ ಅದೇ ಮಾತನ್ನು ಕನ್ನಡದಲ್ಲಿ ಆಡುತ್ತಿದ್ದರು. ಆ ಮಾತುಗಳನ್ನು ಬರೆದುಕೊಡುವುದು ನನ್ನ ಕೆಲಸ. ಮನೆಯಲ್ಲಿ ಬಿ.ಎ. ಓದಿ ಇಂಗ್ಲಿಷ್ ಕಲಿತವಳು ನಾನೊಬ್ಬಳೇ. ಚಿತ್ರ ಬಿಡುಗಡೆಯಾಗುವ ಹಿಂದಿನ ದಿನ ಬೆಳಿಗ್ಗೆ ಖಾಲಿ ಮಂದಿರದಲ್ಲಿ ಒಮ್ಮೆ ಚಿತ್ರ ಓಡಿಸುತ್ತಿದ್ದರು. ಅದನ್ನು 'ಒಣ ಆಟ' ಎನ್ನುತ್ತಿದ್ದೆವು. ಪರದೆಯ ಮೇಲಿನ ತುಟಿಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬಿಡುತ್ತವೆ ಎಂದು ನೋಡಿ, ಆ ಬಾಯಿಗೆ ಕೂರುವಂಥ ಕನ್ನಡದ ಮಾತನ್ನು ನಾನು ಹುಡುಕುತ್ತಿದ್ದೆ. ಹೀಗಾಗಿ ಎದುರಿನವರ ಮಾತಿಗಿಂತ ಅವರ ಬಾಯಿಯನ್ನು ನೋಡುವುದೇ ನನಗೆ ರೂಢಿಯಾಗಿತ್ತು.

ಕೋಣೆಯಲ್ಲಿ ಇದ್ದದ್ದು ಒಂದೇ ಮೈಕು. ಇಬ್ಬರೂ ಕೆನ್ನೆಗೆ ಕೆನ್ನೆ ತಾಗುವಂತೆ ಅದರೆದುರು ಕೂರಬೇಕು. ಒಬ್ಬ ಮಾತಾಡುವಾಗ ಇನ್ನೊಬ್ಬ ಮುಖ ತಿರುಗಿಸಿ ಉಸಿರು ಬಿಗಿಹಿಡಿಯಬೇಕು. ಅಣ್ಣ ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದ. ಕಣ್ಣು ಬಿಟ್ಟರೆ ತನ್ನ ದನಿ ತೆಳ್ಳಗಾಗುತ್ತದೆ ಎನ್ನುತ್ತಿದ್ದ. ಅದಕ್ಕೇ ಪರದೆ ನೋಡುವ ಹೊಣೆ ಕೊಟ್ರೇಶನದು. ಅಣ್ಣನ ಸರದಿ ಬಂದ ಕೂಡಲೇ ಅವನು ಬೆನ್ನ ಮೇಲೊಮ್ಮೆ ತಟ್ಟುತ್ತಿದ್ದ. ಅಣ್ಣನ ದನಿ ಹೊರಡುತ್ತಿತ್ತು. ಎಷ್ಟೋ ವರ್ಷ ಹಾಗೆ ನಡೆಯಿತು. ಒಮ್ಮೆಯೂ ತಪ್ಪಲಿಲ್ಲ.

ಜನ ಹೆಚ್ಚು ಕಾದು ನೋಡುತ್ತಿದ್ದದ್ದು ಇಬ್ಬರು ಮಹಾಶೂರರ ಚಿತ್ರಗಳನ್ನು. ಒಬ್ಬ ಹಾರುತ್ತಿದ್ದ, ಒಬ್ಬ ಕಾಲೂರಿದರೆ ಭೂಮಿ ನಡುಗುತ್ತಿತ್ತು. ಅವರ ನಿಜ ಹೆಸರುಗಳು ಯಾರ ನಾಲಿಗೆಯಲ್ಲೂ ಹೊರಳುತ್ತಿರಲಿಲ್ಲವಾದ್ದರಿಂದ ಅಣ್ಣನೇ ಒಬ್ಬನಿಗೆ ಮುಗಿಲಯ್ಯ, ಇನ್ನೊಬ್ಬನಿಗೆ ನೆಲರಾಯ ಎಂದು ಹೆಸರಿಟ್ಟಿದ್ದ. ಮುಗಿಲಯ್ಯನಿಗೆ ಕೊಟ್ರೇಶನ ಸ್ವಚ್ಛ ಎಳೆದನಿ, ನೆಲರಾಯನಿಗೆ ಅಣ್ಣನ ಗಡಸು ಗಂಟಲು. ಪ್ರತಿ ಚಿತ್ರದಲ್ಲೂ ಇಬ್ಬರು ಶೂರರೂ ಹೆಗಲಿಗೆ ಹೆಗಲು ಕೊಟ್ಟು ಲೋಕವನ್ನು ಉಳಿಸುತ್ತಿದ್ದರು.

ಆ ವರ್ಷ ಬಂದ ಪೋಸ್ಟರಿನಲ್ಲಿ ಅವರಿಬ್ಬರೂ ಎದುರುಬದುರು ನಿಂತು ಒಬ್ಬರ ಮೇಲೊಬ್ಬರು ಮುಷ್ಟಿ ಎತ್ತಿದ್ದರು.

ಪೋಸ್ಟರಿನ ಅಂಟು ಒಣಗುವ ಮೊದಲೇ ಊರು ಎರಡಾಯಿತು. ಹೂವಿನ ಬೀದಿ ಮುಗಿಲಯ್ಯನದು, ಗ್ಯಾರೇಜುಗಳ ಸಾಲು ನೆಲರಾಯನದು. ಹೋಟೆಲಿನಲ್ಲಿ ದೋಸೆ ತಣ್ಣಗಾಗುವವರೆಗೆ ವಾದ. ನಾನು ತರಕಾರಿ ತರಲು ಹೋದರೂ ಬಿಡುತ್ತಿರಲಿಲ್ಲ.

"ಅಕ್ಕಾ, ಯಾರು ಗೆಲ್ತಾರೆ ಹೇಳಿಬಿಡಿ. ಯಾರಿಗೂ ಹೇಳಲ್ಲ," ಎಂದು ಹೂವಿನಂಗಡಿಯ ಹುಡುಗ ಅಜ್ಜಯ್ಯ ಮಲ್ಲಿಗೆಗೆ ಅರ್ಧ ಮೊಳ ಹೆಚ್ಚು ಸೇರಿಸುತ್ತಿದ್ದ.

"ಚಿತ್ರನೇ ಬಂದಿಲ್ಲ ಕಣೋ."

"ಮಾತು ಬರಿಯೋರು ನೀವು. ನಿಮಗೆ ಗೊತ್ತಿಲ್ದೆ ಇರುತ್ತಾ?"

ಎದುರು ಗ್ಯಾರೇಜಿನಿಂದ ಬಸಣ್ಣಿ ಸ್ಪ್ಯಾನರ್ ಎತ್ತಿ ಕೂಗುತ್ತಿದ್ದ: "ಅಕ್ಕಂಗೆ ಹೂವು ಕೊಟ್ರೆ ನಿಮ್ಮ ಗಾಳಿಪಟ ಗೆಲ್ಲುತ್ತೇನ್ಲಾ? ನಮ್ಮ ರಾಯ ಒಂದು ಸಲ ಕಾಲು ಒದ್ದರೆ ನಿಮ್ಮಯ್ಯ ಉದುರಿ ಬಿದ್ದ ಅಂತ ತಿಳ್ಕೊ!"

ಮೊದಮೊದಲು ನಮಗೆ ನಗು ಬರುತ್ತಿತ್ತು. ಅಣ್ಣನೂ ಕೊಟ್ರೇಶನೂ ನಮ್ಮ ಮನೆಯ ಜಗಲಿಯಲ್ಲಿ ಕೂತು, ಒಬ್ಬರನ್ನೊಬ್ಬರು ಬೈಯುವ ಅಭ್ಯಾಸ ಮಾಡುತ್ತಿದ್ದರು. "ನನ್ನ ತಂಗೀನ ಕೊಡಲ್ಲ ಹೋಗೋ ಮುಗಿಲಯ್ಯ," ಎಂದು ಅಣ್ಣ ಗುಡುಗಿದರೆ, ಕೊಟ್ರೇಶ ನನ್ನ ಕಡೆ ನೋಡಿ, ಮಾತು ಹೇಳಿಕೊಡುವವಳೆಂದು ತಾನೇ ಇಟ್ಟ ಹೆಸರು ಹಿಡಿದು, "ಮೇಷ್ಟ್ರಮ್ಮ, ಹಾರಿಕೊಂಡು ಹೋಗೋಣ್ವಾ?" ಎನ್ನುತ್ತಿದ್ದ. ಅವ್ವ ಒಳಗಿನಿಂದಲೇ ಗದರುತ್ತಿದ್ದಳು. ಚಿತ್ರದ ಗದ್ದಲ ಮುಗಿದ ಮೇಲೆ ಲಗ್ನ ಎಂದು ಮಾತಾಗಿತ್ತು. ಸೀರೆ ಬಂದಿತ್ತು. ಅಪ್ಪ ಇರಲಿಲ್ಲ; ಎಲ್ಲವನ್ನೂ ಅಣ್ಣನೇ ನಿಂತು ಮಾಡುತ್ತಿದ್ದ. ತನ್ನ ಗೆಳೆಯನಿಗೇ ನನ್ನನ್ನು ಕೊಡುತ್ತೇನೆಂಬ ಹಿಗ್ಗು ಅವನಿಗೆ ನನಗಿಂತ ಹೆಚ್ಚಿತ್ತು.

ಆಮೇಲೆ ಆ ಮೈಕು ಬಂತು.

ಗ್ಯಾರೇಜಿನ ಹುಡುಗರು ಎಲ್ಲಿಂದಲೋ ಹೊಸ ಮೈಕೊಂದನ್ನು ತಂದು, ಅದಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ತಮಟೆ ಬಡಿಯುತ್ತ ಮಂದಿರಕ್ಕೆ ಮೆರವಣಿಗೆಯಲ್ಲಿ ಬಂದರು. ಬಸಣ್ಣಿ ಅದನ್ನು ಕೂಸಿನಂತೆ ಎತ್ತಿಕೊಂಡಿದ್ದ.

"ಇದ್ಯಾಕ್ರಪ್ಪಾ? ಇರೋದು ಚೆನ್ನಾಗೇ ಐತಲ್ಲ," ಎಂದರು ಚನ್ನವೀರಪ್ಪನವರು.

"ವೈರಿಗಳು ಒಂದೇ ಮೈಕಲ್ಲಿ ಮಾತಾಡ್ತಾರೇನ್ರೀ ಸಾಹುಕಾರ್ರೇ? ನಮ್ಮ ಹಾಲೇಶಣ್ಣ ಇನ್ನೊಬ್ಬರ ಕೆನ್ನೆ ಸರಿಯೋದನ್ನ ಕಾಯ್ತಾ ಕೂರಬೇಕಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣ ಬೇಡವೆನ್ನಬಹುದಿತ್ತು. ಆದರೆ ಅವನ ಜನ್ಮದಲ್ಲಿ ಯಾರೂ ಅವನಿಗೆಂದು ಏನನ್ನೂ ಮೆರವಣಿಗೆಯಲ್ಲಿ ತಂದಿರಲಿಲ್ಲ. ಅವನು ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. ಆಗ ಕೊಟ್ರೇಶನ ಮುಖದಲ್ಲಿ ನಗುವಿತ್ತು. ಆ ನಗು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಾಗೇ ಉಳಿಯಿತು. ಮರುದಿನ ಕೋಣೆಯ ಒಂದು ಗೋಡೆಗೆ ಹಳೆಯ ಮೈಕು, ಎದುರು ಗೋಡೆಗೆ ಹೊಸದು. ಪರದೆ ನೋಡಲು ಇಬ್ಬರೂ ಕತ್ತು ತಿರುಗಿಸಬೇಕಿತ್ತು. ಬೆನ್ನು ತಟ್ಟುವಷ್ಟು ಹತ್ತಿರ ಅವರು ಮತ್ತೆ ಕೂರಲಿಲ್ಲ.

ಒಣ ಆಟದ ದಿನ ಖಾಲಿ ಕುರ್ಚಿಗಳ ನಡುವೆ ನಾವು ಮೂವರು. ಶೂರರು ಬೆಟ್ಟಗಳನ್ನು ಕಿತ್ತು ಎಸೆದಾಡಿದರು, ಸೇತುವೆ ಮುರಿದರು. ಯಾರು ಗೆದ್ದರೆಂಬುದು ಕೊನೆಗೂ ತಿಳಿಯಲಿಲ್ಲ. ಕೊನೆಯಲ್ಲಿ ಉರಿದ ಪಟ್ಟಣದ ಬೂದಿಯಲ್ಲಿ ಇಬ್ಬರೂ ಸುಸ್ತಾಗಿ ಕುಸಿದು ಕೂತರು. ಪರದೆಯ ತುಂಬ ನೆಲರಾಯನ ಮುಖ. ಅವನು ನಿಧಾನವಾಗಿ ಒಂದು ಮಾತು ಹೇಳಿ ಕೈ ಚಾಚಿದ. ಮುಗಿಲಯ್ಯ ಆ ಕೈ ಹಿಡಿದ. ಚಿತ್ರ ಮುಗಿಯಿತು.

ನಾನು ಬರೆದುಕೊಂಡದ್ದನ್ನು ಓದಿದೆ: "ತಪ್ಪು ನನ್ನದು. ಕೈ ಕೊಡು."

ಅಣ್ಣ ಬಿಳಿ ಪರದೆಯಿಂದ ಕಣ್ಣು ತೆಗೆಯದೆ, "ಇದನ್ನ ನಾನು ಹೇಳ್ಬೇಕಾ?" ಎಂದ.

"ನೀನಲ್ಲ ಮಾರಾಯ, ನೆಲರಾಯ," ಎಂದು ಕೊಟ್ರೇಶ ನಕ್ಕ. ಅಣ್ಣ ನಗಲಿಲ್ಲ.

ಗೇಟಿನ ಹೊರಗೆ ಎರಡೂ ಕಡೆಯವರು ಕಾಯುತ್ತಿದ್ದರು. ಪರದೆಯ ಗುಟ್ಟನ್ನು ಯಾರೂ ಬಿಟ್ಟುಕೊಡಬಾರದೆಂಬುದು ನಮ್ಮ ಕಟ್ಟಳೆ. ಅಣ್ಣ ತಲೆ ತಗ್ಗಿಸಿ ನಡೆದ. ಬಸಣ್ಣಿ ಅವನ ಹೆಗಲು ಹಿಡಿದುಕೊಂಡ. "ಅಣ್ಣಾ, ಮುಖ ಯಾಕೆ ಸಪ್ಪಗೈತೆ? ನಮ್ಮ ರಾಯ ಬಗ್ಗಲಿಲ್ಲ ತಾನೆ? ಅದೊಂದು ಹೇಳು, ಸಾಕು."

"ನಾಳೆ ನೋಡು," ಎಂದ ಅಣ್ಣ.

ಅಂದು ಸಂಜೆ ಅವನು ಹಿತ್ತಿಲಲ್ಲಿ ಒಬ್ಬನೇ ಅಡ್ಡಾಡುತ್ತ ಮಾತುಗಳನ್ನು ಬಾಯಿಪಾಠ ಮಾಡಿದ. ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ಬೈಗುಳ, ಸವಾಲು, ಗರ್ಜನೆ ಎಲ್ಲವೂ ಕೇಳಿಸಿದವು. ಕೊನೆಯ ಮಾತಿನ ಜಾಗ ಬಂದಾಗಲೆಲ್ಲ ಹಿತ್ತಿಲು ಸುಮ್ಮನಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೊದಲಿನಿಂದ ಶುರು. ಕೊಟ್ರೇಶ ಬಂದು ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಅಣ್ಣ ಹೊರಗೆ ಬರುವನೇನೋ ಎಂದು ಕಾದು, ಎದ್ದುಹೋದ. "ಗಂಟಲು ಉಳಿಸ್ಕೊಳ್ಳೋಕೆ ಹೇಳು ಮೇಷ್ಟ್ರಮ್ಮ," ಎಂದಷ್ಟೇ ಹೇಳಿದ.

ಮರುದಿನ ಮಂದಿರದ ಮುಂದೆ ಎರಡು ಕಟೌಟುಗಳು. ಒಂದಕ್ಕೆ ಮಲ್ಲಿಗೆಯ ಹಾರ, ಇನ್ನೊಂದಕ್ಕೆ ಲಾರಿ ಟೈರುಗಳ ಹಾರ. ಹಾಲು ಸುರಿದರು, ಕುಣಿದರು, ಒಳಗೆ ನಡುವಿನ ಓಣಿಯ ಎಡಕ್ಕೆ ಹೂವಿನ ಬೀದಿಯ ಪಾಳಯ, ಬಲಕ್ಕೆ ಗ್ಯಾರೇಜಿನ ಪಾಳಯವಾಗಿ ಕೂತರು. ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಂದ ಪರದೆಯೂ ಕಾಣುತ್ತಿತ್ತು, ಇಬ್ಬರ ಬೆನ್ನುಗಳೂ ಕಾಣುತ್ತಿದ್ದವು.

ಅಣ್ಣ ಅಂದು ಕಣ್ಣು ಬಿಟ್ಟುಕೊಂಡೇ ಮಾತಾಡಿದ. ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಅವನು ಬೈದರೆ ಕೊಟ್ರೇಶ ತಿರುಗಿ ಬೈಯುತ್ತಿದ್ದ, ಎರಡು ಗೋಡೆಗಳಿಂದ, ಒಬ್ಬರಿಗೊಬ್ಬರು ಬೆನ್ನು ಹಾಕಿ. ನಾನೇ ಬರೆದ ಮಾತುಗಳಾದರೂ ಅವು ನನಗೆ ಗುರುತು ಸಿಗಲಿಲ್ಲ. ಹೊರಗೆ ಸಿಳ್ಳೆ, ಕೂಗು. ಪ್ರತಿ ಕೂಗಿಗೂ ಆ ಬೆನ್ನುಗಳು ಇನ್ನಷ್ಟು ಸೆಟೆದುಕೊಳ್ಳುತ್ತಿದ್ದವು.

ಬೂದಿಯ ಪಟ್ಟಣ ಬಂತು. ನೆಲರಾಯನ ಮುಖ ಪರದೆ ತುಂಬಿತು. ಆಪರೇಟರು ಸದ್ದು ಇಳಿಸಿದ. ಬಾಯಿ ತೆರೆದುಕೊಂಡಿತು, ಮುಚ್ಚಿತು, ತೆರೆದುಕೊಂಡಿತು. ದನಿ ಬರಲಿಲ್ಲ.

ನಾನು ಅಣ್ಣನನ್ನು ನೋಡಿದೆ. ಅವನ ತುಟಿ ಮೈಕಿನಿಂದ ಒಂದು ಬೆರಳಿನಷ್ಟೇ ದೂರವಿತ್ತು. ಕಣ್ಣು ಮುಚ್ಚಿತ್ತು. ಕತ್ತಲಲ್ಲಿ ಬಸಣ್ಣಿ ಕೂಗಿದ: "ಬಗ್ಗಬೇಡ ರಾಯಾ!" ಇಡೀ ಮಂದಿರ ಆ ಮೂಕ ಬಾಯಿಯನ್ನು ನೋಡುತ್ತಿತ್ತು. ಕೊಟ್ರೇಶ ತಿರುಗಿ ಅಣ್ಣನ ಬೆನ್ನನ್ನು ನೋಡಿದ. ನಡುವೆ ಒಂದು ಕೋಣೆಯಗಲದ ದೂರ. ಪರದೆಯ ಮೇಲೆ ನೆಲರಾಯ ಕೈ ಚಾಚತೊಡಗಿದ್ದ. ಚಿತ್ರ ಕೆಡಬಾರದೆಂದು ಕೊಟ್ರೇಶ ತನ್ನ ಮೈಕಿಗೆ ಬಾಗಿ ತಾನೇ ಹೇಳಿಬಿಟ್ಟ: "ತಪ್ಪು ನನ್ನದು. ಕೈ ಕೊಡು."

ಅದು ಎಲ್ಲರಿಗೂ ಗೊತ್ತಿದ್ದ ದನಿ. ಮುಗಿಲಯ್ಯನ ದನಿ. ತುಟಿ ಯಾರದಾದರೇನು, ನಮ್ಮ ಜನ ಶೂರರನ್ನು ಗುರುತಿಸುತ್ತಿದ್ದದ್ದು ದನಿಯಿಂದ.  ಆಮೇಲೆ ಬಲಗಡೆಯ ಪಾಳಯ ಎದ್ದು ನಿಂತು ಕುಣಿಯಿತು. "ಮುಗಿಲಯ್ಯ ತಪ್ಪೊಪ್ಪಿಕೊಂಡ! ಕಾಲಿಗೆ ಬಿದ್ದ!" ಎಡಗಡೆಯಿಂದ ಚಪ್ಪಲಿಗಳು ಹಾರಿದವು, ಕುರ್ಚಿಗಳು ಮುರಿದವು. ಅಜ್ಜಯ್ಯ ಕೋಣೆಯ ಬಾಗಿಲಿಗೆ ಓಡಿ ಬಂದ. ಅವನ ಕಣ್ಣಲ್ಲಿ ನೀರಿತ್ತು. "ಮಾರಿಬಿಟ್ಯಲ್ಲಣ್ಣಾ ನಮ್ಮನ್ನ," ಎಂದ ಕೊಟ್ರೇಶನಿಗೆ. ಕೈಯಲ್ಲಿದ್ದ ಹಾರದಲ್ಲಿ ಉಳಿದಿದ್ದ ಹೂವನ್ನು ಅವನ ಮುಖಕ್ಕೆ ಎಸೆದು ಹೋದ.

ಕೊಟ್ರೇಶ ಅಣ್ಣನ ಕಡೆ ನೋಡುತ್ತ ನಿಂತಿದ್ದ. ಅಷ್ಟರಲ್ಲಿ ಗ್ಯಾರೇಜಿನವರು ಬಂದು ಅಣ್ಣನನ್ನು ಹೆಗಲ ಮೇಲೆ ಎತ್ತಿಕೊಂಡು ಹೋದರು. ಬೇಡವೆಂದು ಅವನು ಕೈಯಾಡಿಸಿದನೋ, ಜನರಿಗೆ ಕೈ ಬೀಸಿದನೋ, ನನಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕೊಟ್ರೇಶ ಮನೆಗೆ ಬಂದ. ಜಗಲಿ ಹತ್ತಲಿಲ್ಲ. "ಹಾಲೇಶ, ಒಂದೇ ಮಾತು ಕೇಳ್ತೀನಿ. ಬೇಕಂತ್ಲೇ ಬಿಟ್ಟೆಯಾ?"

ಅಣ್ಣ ಬಾಗಿಲಲ್ಲಿ ನಿಂತಿದ್ದ. ಇಲ್ಲ ಎಂದಿದ್ದರೆ ಸಾಕಿತ್ತು. ಹೌದು ಎಂದು ಕ್ಷಮೆ ಕೇಳಿದ್ದರೂ ಸಾಕಿತ್ತು. ಬೀದಿಯ ತುದಿಯಲ್ಲಿ ಬಸಣ್ಣಿಯ ಹುಡುಗರು ನಿಂತು ನೋಡುತ್ತಿದ್ದರು. ಅಣ್ಣನ ಬಾಯಿ ಸ್ವಲ್ಪ ತೆರೆಯಿತು, ಮುಚ್ಚಿತು.

"ಅಲ್ಲೋ, ಏನಾದ್ರೂ ಹೇಳೋ," ಎಂದಳು ಅವ್ವ ಒಳಗಿನಿಂದ ಬಂದು.

ಕೊಟ್ರೇಶ ಕಾದ. ಹಿಂದಿನ ದಿನ ಕಾದದ್ದಕ್ಕಿಂತ ಹೆಚ್ಚೇ ಕಾದ. ಆಮೇಲೆ ಅವ್ವನಿಗೆ ಕೈ ಮುಗಿದು, "ಈ ಮನೇಲಿ ನನಗೆ ಋಣ ಇಲ್ಲಮ್ಮ," ಎಂದ. ನನ್ನ ಕಡೆ ನೋಡಲಿಲ್ಲ. ಅವನು ತಿರುಗಿ ನಡೆಯುವಾಗ ಬೀದಿಯ ತುದಿಯ ಹುಡುಗರು ಅವನ ದನಿಯನ್ನೇ ಅನುಕರಿಸಿ ಕೂಗಿದರು: "ತಪ್ಪು ನನ್ನದು, ಕೈ ಕೊಡು!" ಆ ಕೂಗು ಊರಲ್ಲಿ ಅವನ ಹೆಸರೇ ಆಗಿಹೋಯಿತು. ಮಳೆಗಾಲ ಬರುವ ಹೊತ್ತಿಗೆ ಅವನು ಊರು ಬಿಟ್ಟಿದ್ದ. ಲಗ್ನದ ಸೀರೆಯನ್ನು ಅವ್ವ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಚಿತ್ರ ಆ ವಾರವೇ ಎತ್ತಂಗಡಿಯಾಯಿತು. ಗೆದ್ದವರಿಗೆ ಮತ್ತೆ ನೋಡುವ ಅಗತ್ಯ ಕಾಣಲಿಲ್ಲ, ಸೋತವರಿಗೆ ಮುಖವಿರಲಿಲ್ಲ. ಸ್ವಲ್ಪ ಕಾಲದಲ್ಲೇ ಚಿತ್ರಗಳು ಕನ್ನಡದ ದನಿ ಹೊತ್ತುಕೊಂಡೇ ಬರತೊಡಗಿದವು. ಅಣ್ಣನಿಗೆ ಕೆಲಸವಿಲ್ಲವಾಯಿತು. ಬಸಣ್ಣಿ ಎದುರಾದರೆ ನಮಸ್ಕಾರ ಹೇಳುತ್ತಿದ್ದ. ಆಮೇಲಾಮೇಲೆ ಅದೂ ನಿಂತಿತು.

ಎಷ್ಟೋ ವರ್ಷಗಳ ಮೇಲೆ, ಅವ್ವ ತೀರಿಕೊಂಡ ನಂತರ, ಒಂದು ಮಧ್ಯಾಹ್ನ ಊಟದ ನಡುವೆ ಅಣ್ಣ ಇದ್ದಕ್ಕಿದ್ದಂತೆ ಹೇಳಿದ: "ಅವನು ಬೆನ್ನು ತಟ್ತಾನೆ ಅಂತ ಕಾಯ್ತಾ ಇದ್ದೆ ಕಣೆ."

ನಾನು ಅವನ ತಟ್ಟೆಗೆ ಸಾರು ಬಡಿಸಿದೆ. ಚಿತ್ರದ ಆ ದಿನ ಅದೊಂದು ಮಾತನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಅವನು ಯಾರೂ ತಟ್ಟದೆಯೇ ಹೇಳಿದ್ದ. ಅದು ಅವನಿಗೂ ಗೊತ್ತಿತ್ತು.

ಕೊಟ್ರೇಶನನ್ನು ನಾನು ಇನ್ನೊಮ್ಮೆ ಮಾತ್ರ ಕಂಡೆ. ಬೇರೊಂದು ಊರಿನ ಬಸ್‌ ನಿಲ್ದಾಣದಲ್ಲಿ, ಹೊರಡಲಿದ್ದ ಬಸ್ಸಿನ ಕಿಟಕಿಯ ಬಳಿ ನಾನು ಕೂತಿದ್ದೆ. ಅವನು ಕೆಳಗೆ ಚೀಲ ಹಿಡಿದು ನಿಂತಿದ್ದ. ತಲೆ ನರೆತಿತ್ತು. ಗುರುತು ಹಿಡಿದ. ಗಾಜು ಮುಚ್ಚಿತ್ತು, ತೆರೆಯಲು ನೋಡಿದೆ, ಬಿಗಿದುಕೊಂಡಿತ್ತು. ಇಂಜಿನ್ನಿನ ಸದ್ದಿನ ಆಚೆ ಅವನು ನನಗೆ ಏನೋ ಹೇಳಿದ. ತುಟಿಗಳು ತೆರೆದವು, ಒಮ್ಮೆ ಕೂಡಿದವು, ಮತ್ತೆ ತೆರೆದವು. ಒಂದು ಕಾಲದಲ್ಲಿ ಆ ಬಾಯಿಗೆ ಮಾತು ಹುಡುಕಿ ಕೊಡುತ್ತಿದ್ದವಳು ನಾನೇ. ಬಸ್ಸು ಚಲಿಸಿತು. ಅವನು ಗಾಜಿನ ಅಂಚಿನಲ್ಲಿ ಚಿಕ್ಕವನಾಗುತ್ತ, ಬಲಗೈಯನ್ನು ಸ್ವಲ್ಪ ಎತ್ತಿ, ಎದುರಿಗೆ ಬೆನ್ನೊಂದಿದ್ದಂತೆ ಗಾಳಿಯನ್ನು ಒಮ್ಮೆ ಮೆಲ್ಲಗೆ ತಟ್ಟಿದ.